ಮೀನಿಗೂ ದಾರಿ ಬಿಡುವ ಮೋರಿ

ಹಲಸೂರು ಕೆರೆ ತುಂಬಿದರೆ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಕೆ.ಆರ್. ಪುರದಾಚೆಯ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಕೋಡಿ ನೀರೂ ಅದೇ ನದಿಯ ಪಾಲು. ಹೀಗೆ ಒಂದಕ್ಕೊಂದು ಬೆಸೆದಿದ್ದ ಬೆಂಗಳೂರು ಪೂರ್ವದ ಕೆರೆಗಳ ನಡುವೆ ಇಂದು ಹೆದ್ದಾರಿಗಳೂ ಬಡಾವಣೆಯ ರಸ್ತೆಗಳೂ ಹಾದುಹೋಗಿವೆ. ಕೆರೆಗಳನ್ನು ಬೆಸೆಯುವ ರಾಜಕಾಲುವೆಯನ್ನು ರಸ್ತೆ ದಾಟುವಲ್ಲೆಲ್ಲ ಒಂದು ಮೋರಿ. ಮಳೆನೀರು ಕೆಳಕ್ಕೆ ಹೋದರೆ ಅದರ ಕೆಲಸ ಮುಗಿಯಿತು ಎಂಬುದು ನಮ್ಮ ಲೆಕ್ಕ. ಆದರೆ ಮುಂಗಾರಿನ ಹೊಸನೀರು ಬಂದಾಗ ಎಷ್ಟೋ ಜಾತಿಯ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲಕ್ಕೆ ಸಾಗುತ್ತವೆ. ಮಲೆನಾಡಿನಲ್ಲಿ ಇವುಗಳಿಗೆ ಹತ್ತುಮೀನು ಎನ್ನುತ್ತಾರೆ. ಈ ಮೇಲ್ಮುಖ ಪಯಣಕ್ಕೂ ಮೋರಿಯಲ್ಲಿ ಜಾಗವಿರಬೇಕು. ಮೀನಿಗೆ ಒಗ್ಗುವ ಮೋರಿಯೇ ನೆರೆಯಿಂದ ಊರನ್ನು ಕಾಯುವ ಮೋರಿಯೂ ಹೌದು.

ಕೊಳವೆ ಮೋರಿ ಮೀನನ್ನು ತಡೆಯುವ ಬಗೆ ನೋಡಿ. ಅಗಲವಾಗಿ ಹರಿಯುತ್ತಿದ್ದ ನೀರು ಕಿರಿದಾದ ಕೊಳವೆಗೆ ನುಗ್ಗಿದೊಡನೆ ರಭಸ ಹೆಚ್ಚುತ್ತದೆ. ಕಲ್ಲಿನ ಮರೆಯಲ್ಲಿ ದಣಿವಾರಿಸಿಕೊಳ್ಳುತ್ತ ಈಜುವ ಮೀನಿಗೆ ಆ ನುಣುಪು ಕಾಂಕ್ರೀಟಿನಲ್ಲಿ ನಿಲ್ಲಲು ಎಡೆಯಿಲ್ಲ. ಹೊರಬಿದ್ದ ನೀರು ಕೆಳಬದಿಯ ಮಣ್ಣನ್ನು ಕೊರೆಯುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆಯ ಬಾಯಿ ನೆಲಕ್ಕಿಂತ ಮೊಳದೆತ್ತರದಲ್ಲಿ ಉಳಿದು, ನೀರು ಅಲ್ಲಿಂದ ಧುಮುಕುತ್ತದೆ. ಬೆರಳುದ್ದದ ಮೀನಿಗೆ ಅದು ಗೋಡೆ. ಪರಿಹಾರ ಸರಳ: ಮೋರಿ ಕಾಲುವೆಗಿಂತ ಅಗಲವಿರಲಿ, ತಳ ಕಾಲುವೆಯ ಮಟ್ಟಕ್ಕಿಂತ ಕೆಳಗೆ ಹೂತಿರಲಿ, ಒಳಗೂ ಕಲ್ಲುಮರಳಿನ ನೆಲವೇ ಮುಂದುವರಿಯಲಿ. ಪಕ್ಕದಲ್ಲೊಂದು ಒಣ ಜಗಲಿ ಬಿಟ್ಟರೆ ಮುಂಗುಸಿ, ಕೇರೆಹಾವುಗಳೂ ಚಕ್ರಕ್ಕೆ ಸಿಕ್ಕದೆ ದಾಟಬಹುದು.

ಖರ್ಚು ಹೆಚ್ಚಲ್ಲವೇ? ಕಟ್ಟುವಾಗ ಹೆಚ್ಚು, ನಿಜ. ಆದರೆ 2011ರಲ್ಲಿ ಅಮೆರಿಕದ ವರ್ಮಾಂಟ್‌ ರಾಜ್ಯಕ್ಕೆ ಐರೀನ್ ಚಂಡಮಾರುತದ ಮಳೆ ಅಪ್ಪಳಿಸಿದಾಗ ಹಳೆಯ ಮಾದರಿಯ ಅನೇಕ ಮೋರಿಗಳು ಕೊಚ್ಚಿಹೋದವು. ಅಲ್ಲಿನ ಗ್ರೀನ್ ಮೌಂಟನ್ ಅರಣ್ಯದಲ್ಲಿ ಮೀನಿಗಾಗಿ ಅಗಲವಾಗಿ ಕಟ್ಟಿದವು ಉಳಿದವು. 2022ರ ಸೆಪ್ಟೆಂಬರಿನಲ್ಲಿ ನೆರೆಗೆ ಮುಳುಗಿದ ಪೂರ್ವ ಬೆಂಗಳೂರಿಗೆ ಇದು ದೂರದ ಮಾತಲ್ಲ. ಪ್ರಾಣಿಗಳು ಇಂಥ ದಾರಿಯನ್ನು ನಿಜಕ್ಕೂ ಬಳಸುತ್ತವೆಯೇ ಎಂಬ ಸಂಶಯಕ್ಕೆ ಪೆಂಚ್ ಹುಲಿಧಾಮದ ಬಳಿಯ ರಾಷ್ಟ್ರೀಯ ಹೆದ್ದಾರಿ 44 ಉತ್ತರ ಕೊಟ್ಟಿದೆ: ಅಲ್ಲಿನ ಕೆಳದಾರಿಗಳಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಇಟ್ಟ ಕ್ಯಾಮೆರಾಗಳಿಗೆ ಹುಲಿಗಳೂ ಸಿಕ್ಕಿವೆ.

ಕೊಳಚೆ ತುಂಬಿದ ರಾಜಕಾಲುವೆಯಲ್ಲಿ ಮೀನೆಲ್ಲಿ ಎಂಬುದೇ ಗಟ್ಟಿಯಾದ ಆಕ್ಷೇಪ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ಯಾರೂ ಮರೆತಿಲ್ಲ. ಕೊಳಚೆ ತಡೆಯದೆ ಮೋರಿ ಮಾತ್ರ ಸರಿಪಡಿಸಿದರೆ ಪ್ರಯೋಜನವಿಲ್ಲ, ಒಪ್ಪೋಣ. ಆದರೆ ದಾರಿ ಕಡಿದ ಕೆರೆಯಲ್ಲಿ ಒಮ್ಮೆ ಮೀನು ಸತ್ತರೆ ಹೊರಗಿನಿಂದ ಮರಿ ತಂದು ಬಿಡದೆ ಗತಿಯಿಲ್ಲ. ದಾರಿಯುಳ್ಳ ಕೆರೆಗೆ ಅವು ತಾವಾಗಿಯೇ ಮರಳಬಲ್ಲವು. ಕೊಳಚೆ ಶುದ್ಧೀಕರಣ ಕೆಲವು ವರ್ಷಗಳ ಕೆಲಸ, ಇಂದು ಕಟ್ಟುವ ಮೋರಿಯದು ಹಲವು ದಶಕಗಳ ಬಾಳು. ಆದ್ದರಿಂದ ನೆರೆಯ ಹೆಸರಿನಲ್ಲಿ ಮೋರಿ ಒಡೆದು ಕಟ್ಟುವಾಗಲೆಲ್ಲ ಅದರ ನಕ್ಷೆಯಲ್ಲಿ ಮೀನಿನ ದಾರಿಯೂ ಇರಬೇಕು.