ಗಡಿಯ ಕೈಬರಹವನ್ನು ಯಂತ್ರ ಓದಬಲ್ಲುದೇ?

ಕೈಯಲ್ಲಿ ಬರೆದ ಕನ್ನಡ ಅಂಕಿಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಒಂದು ಪ್ರಯತ್ನ 2019ರಲ್ಲಿ ಬೆಳಕಿಗೆ ಬಂದಿತು. ವಿನಯ್ ಉದಯ ಪ್ರಭು ಎಂಬ ಸಂಶೋಧಕರು ಬೆಂಗಳೂರಿನ 65 ಮಂದಿ ಕನ್ನಡಿಗರಿಂದ ಚೌಕ ಹಾಕಿದ ದೊಡ್ಡ ಹಾಳೆಗಳಲ್ಲಿ ಅಂಕಿಗಳನ್ನು ಬರೆಯಿಸಿ, ಒಂದೊಂದನ್ನೂ ಪ್ರತ್ಯೇಕ ಚಿತ್ರವಾಗಿ ಕತ್ತರಿಸಿ, 70,000 ಚಿತ್ರಗಳ ಸಂಗ್ರಹವೊಂದನ್ನು ಸಿದ್ಧಪಡಿಸಿದರು. 'ಕನ್ನಡ-ಎಂನಿಸ್ಟ್' ಎಂಬುದು ಅದರ ಹೆಸರು. ಇದರ ಜೊತೆಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಕನ್ನಡ ಲಿಪಿಯನ್ನು ಮೊದಲ ಸಲ ಕಂಡವರೂ ಇದ್ದ ಚಿಕ್ಕ ಗುಂಪಿನಿಂದ ಇನ್ನೂ 10,240 ಅಂಕಿಗಳನ್ನು ಬರೆಯಿಸಲಾಯಿತು. ಬೆಂಗಳೂರಿನವರ ಬರಹದಿಂದ ಕಲಿತ ಕ್ರಮವಿಧಿಯು ಅವರದೇ ಬಗೆಯ ಬರಹವನ್ನು ನೂರಕ್ಕೆ 97ರಷ್ಟು ಸರಿಯಾಗಿ ಓದಿತು. ಕ್ಯಾಲಿಫೋರ್ನಿಯದ ಹಾಳೆಗಳನ್ನು ಮುಂದಿಟ್ಟಾಗ ಆ ಜಾಣ್ಮೆ ಮುಕ್ಕಾಲು ಪಾಲಿನ ಆಸುಪಾಸಿಗೆ ಇಳಿಯಿತು.

ಗಡಿಯಾಚೆಯ ಕನ್ನಡ ಮಾಧ್ಯಮದ ಪಾಲಕರು ಯೋಚಿಸಬೇಕಾದ ಸಂಗತಿ ಇದರಲ್ಲಿಯೇ ಇದೆ. ಯಾರ ಕೈಬರಹವನ್ನು ತೋರಿಸಿದರೋ ಅವರ ಕೈಬರಹವನ್ನಷ್ಟೇ ಯಂತ್ರ ಚೆನ್ನಾಗಿ ಬಲ್ಲುದು. ರಾಯಚೂರಿನಿಂದ ಗದ್ವಾಲಕ್ಕೆ ಹೋಗುವ ದಾರಿಯಲ್ಲಿರುವ ಕೆ.ಟಿ. ದೊಡ್ಡಿಯಂಥ ಊರಿನ ಮಗು ಎರಡು ಲಿಪಿಗಳ ನಡುವೆ ಬೆಳೆಯುತ್ತದೆ. ಕನ್ನಡ ಮತ್ತು ತೆಲುಗು ಅಂಕಿಗಳು ಒಂದೇ ಹಳೆಯ ಲಿಪಿಯಿಂದ ಬಂದವು. ಒಂದು, ಎರಡು, ನಾಲ್ಕು ಬಹುಮಟ್ಟಿಗೆ ಒಂದೇ ರೂಪದಲ್ಲಿವೆ, ಉಳಿದ ಕೆಲವು ಸುರುಳಿಯ ತಿರುವಿನಲ್ಲಿ ಬೇರೆಯಾಗುತ್ತವೆ. ಎರಡನ್ನೂ ಬಲ್ಲ ಮಗುವಿನ ಕೈಯಲ್ಲಿ ಕನ್ನಡದ ೭ಕ್ಕೆ ತೆಲುಗಿನ ತಿರುವು ಬಂದರೆ ತಾಯಿ ಅದನ್ನು ತಡೆಯಿಲ್ಲದೆ ಓದುತ್ತಾಳೆ. ಯಂತ್ರ ಓದೀತೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಈ ಪರೀಕ್ಷೆಯನ್ನು ಪ್ರೌಢಶಾಲೆಯ ಮಕ್ಕಳೇ ನಡೆಸಬಹುದು. 'ಓಪನ್‌ಸಿವಿ' ಎಂಬ ತಂತ್ರಾಂಶ ಭಂಡಾರವು 1999ರಲ್ಲಿ ಇಂಟೆಲ್ ಸಂಸ್ಥೆಯಲ್ಲಿ ಆರಂಭವಾಯಿತು. ಇಂದು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರ ಮೇಲೂ ಅದು ನಡೆಯುತ್ತದೆಯಾದ್ದರಿಂದ ಶಾಲೆಯ ಕಂಪ್ಯೂಟರಿನಲ್ಲಿ ರೂಪಿಸಿದ್ದನ್ನು ಮನೆಯ ಮೊಬೈಲಿಗೂ ಒಯ್ಯಬಹುದು. ಆ ಸಂಗ್ರಹದ ಒಂದು ಚಿತ್ರವೆಂದರೆ ಅಡ್ಡ 28, ಉದ್ದ 28, ಒಟ್ಟು 784 ಚುಕ್ಕೆಗಳು. ಪ್ರತಿ ಚುಕ್ಕೆಗೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಎಪ್ಪತ್ತು ಸಾವಿರ ಚಿತ್ರಗಳೂ ಸೇರಿ ಸುಮಾರು 55 ಎಂಬಿ. ಒಂದು ಚಲನಚಿತ್ರ ಇದಕ್ಕಿಂತ ಎಷ್ಟೋ ಹೆಚ್ಚು ಜಾಗ ಹಿಡಿಯುತ್ತದೆ.

ಕೆಲಸದ ಸ್ವಾರಸ್ಯವಿರುವುದು ತೊಡಕುಗಳಲ್ಲಿ. ಚೌಕ ಹಾಕಿದ ಹಾಳೆಯನ್ನು ಮೊಬೈಲಿನಲ್ಲಿ ಹಿಡಿದರೆ ಅದು ಓರೆಯಾಗಿ ಬರುತ್ತದೆ. ಹಾಳೆಯ ನಾಲ್ಕು ಮೂಲೆಗಳನ್ನು ಪತ್ತೆಹಚ್ಚಿ ನೇರಗೊಳಿಸಬೇಕು. ಫೋಟೊ ತೆಗೆಯುವವರ ನೆರಳು ಹಾಳೆಯ ಮೇಲೆ ಬಿದ್ದಿರುತ್ತದೆ. ಇಡೀ ಹಾಳೆಗೆ ಒಂದೇ ಅಳತೆಯಲ್ಲಿ ಕಪ್ಪು-ಬಿಳಿ ಬೇರ್ಪಡಿಸಿದರೆ ನೆರಳಿದ್ದ ಕಡೆ ಎಲ್ಲವೂ ಕಪ್ಪಾಗುತ್ತದೆ. ಸುತ್ತಮುತ್ತಲಿನ ಬೆಳಕಿಗೆ ತಕ್ಕಂತೆ ಅಳತೆಯನ್ನು ಬದಲಿಸುವ ವಿಧಾನ ಅಲ್ಲಿ ಬೇಕು. ಚೌಕದ ಗೆರೆಯೂ ಅಂಕಿಯ ಭಾಗವೆಂದು ಯಂತ್ರ ಭ್ರಮಿಸುತ್ತದೆ, ಆದುದರಿಂದ ಗೆರೆಯಿಂದ ತುಸು ಒಳಗೆ ಕತ್ತರಿಸಬೇಕು. ಎಲ್ಲಕ್ಕಿಂತ ದಾರಿತಪ್ಪಿಸುವ ತೊಡಕು ಬೇರೊಂದಿದೆ: ಆ ಸಂಗ್ರಹದ ಚಿತ್ರಗಳಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಅಂಕಿ, ಮಕ್ಕಳ ಹಾಳೆಯಲ್ಲಿ ಬಿಳಿಯ ನೆಲದ ಮೇಲೆ ನೀಲಿ ಅಥವಾ ಕಪ್ಪು ಶಾಯಿ. ತಿರುವುಮುರುವು ಮಾಡುವುದನ್ನು ಕಂಪ್ಯೂಟರಿನಲ್ಲಿ ನೆನಪಿಟ್ಟು ಮೊಬೈಲಿನಲ್ಲಿ ಮರೆತರೆ, ಅಲ್ಲಿ ಸರಿಯಾಗಿ ಓದಿದ ಕ್ರಮವಿಧಿ ಇಲ್ಲಿ ಕುರುಡಾಗುತ್ತದೆ. ಹಲವು ಯಂತ್ರಗಳ ಮೇಲೆ ನಡೆಯುವ ತಂತ್ರಾಂಶವನ್ನು ಕಟ್ಟುವಾಗ ಇಂಥ ಸಣ್ಣ ಮರೆವುಗಳೇ ದಿನಗಟ್ಟಲೆ ಸತಾಯಿಸುವವು.

ಫಲಿತಾಂಶವನ್ನು ಎಣಿಸುವಾಗ ಪ್ರಾಮಾಣಿಕತೆಯೂ ಬೇಕು. ಒಬ್ಬಳೇ ಹುಡುಗಿಯ ಕೆಲವು ಅಂಕಿಗಳನ್ನು ಕಲಿಸಲು, ಇನ್ನು ಕೆಲವನ್ನು ಪರೀಕ್ಷೆಗೆ ಬಳಸಿದರೆ ಅಂಕ ಹುಸಿಯಾಗಿ ಏರುತ್ತದೆ. ಪ್ರಶ್ನೆಪತ್ರಿಕೆಯನ್ನು ಮೊದಲೇ ತೋರಿಸಿದಂತೆ. ಪರೀಕ್ಷೆಗೆಂದು ಕೆಲವು ಮಕ್ಕಳ ಹಾಳೆಗಳನ್ನು ಪೂರ್ತಿಯಾಗಿ ಬೇರೆಯಿಡಬೇಕು.

ಈ ವಿದ್ಯೆಯ ಅನೇಕ ಪಾಠಗಳು ಮುಖವನ್ನು ಪತ್ತೆಹಚ್ಚುವುದರಿಂದ ಆರಂಭವಾಗುತ್ತವೆ. ಶಾಲೆಯಲ್ಲಿ ಹಾಗೆ ಆರಂಭಿಸುವುದು ಉಚಿತವಲ್ಲ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಖಚಿತ ಒಪ್ಪಿಗೆಯನ್ನು 9ನೆಯ ಕಲಮಿನಲ್ಲಿ ಕೇಳುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ನೆನಪಿರಲಿ. ಹೆಸರಿಲ್ಲದ ಚೌಕದಲ್ಲಿನ ಒಂದು ೬ ಯಾರದೆಂದು ಹೇಳಲಾಗದು; ಅದೇ ಹಾಳೆಯ ತಲೆಯಲ್ಲಿ ಹೆಸರು, ತರಗತಿ ಬರೆಯಿಸಿದರೆ ಸಂಗತಿ ಬೇರೆಯಾಗುತ್ತದೆ. ಹಾಳೆಗೆ ಕ್ರಮಸಂಖ್ಯೆ ಮಾತ್ರ ಸಾಕು, ಪಾಲಕರ ಸಹಿಯ ಚೀಟಿ ಶಾಲೆಯಲ್ಲಿಯೇ ಉಳಿಯಲಿ.

ಕನ್ನಡದ ಅಂಕಿಗಳನ್ನೇ ಏಕೆ ಆರಿಸಬೇಕೆಂದು ಯಾರಾದರೂ ಕೇಳಬಹುದು. ಸಂವಿಧಾನದ 343ನೆಯ ವಿಧಿಯು ಕೇಂದ್ರದ ವ್ಯವಹಾರಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಹೇಳಿದೆ. ಗಣಿತದ ಪಾಠವೂ ಅದರಲ್ಲಿಯೇ ನಡೆಯುತ್ತದೆ, ಈ ಲೇಖನದ ಇಸವಿಗಳೂ ಹಾಗೆಯೇ ಇವೆ. ಆದರೆ ಅಂಕಿಗಳು ಹತ್ತೇ, ಅಕ್ಷರಗಳು ಒತ್ತು-ಗುಣಿತ ಸೇರಿ ನೂರಾರು. ಹತ್ತರಲ್ಲಿ ಕೈ ಪಳಗಿದವರು ಮುಂದೆ ಅಕ್ಷರಗಳತ್ತ ಹೋಗಬಹುದು; ಅಜ್ಜನ ಕಾಲದ ಕೈಬರಹದ ಲೆಕ್ಕದ ಪುಸ್ತಕವನ್ನು ಓದಿಸುವ ಆಸೆಯಿದ್ದರೆ ಈ ಹತ್ತೂ ಬೇಕೇ ಬೇಕು.

ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರು ಒಂದೊಂದು ಅಂಕಿಯನ್ನು ಇಪ್ಪತ್ತು ಸಲ ಬರೆದರೆ 6,000 ಚಿತ್ರಗಳಾಗುತ್ತವೆ. ಕ್ಯಾಲಿಫೋರ್ನಿಯದ ಗುಂಪು ಬರೆದುದರ ಅರ್ಧಕ್ಕಿಂತ ಹೆಚ್ಚು, ಅದೂ ಒಂದೇ ಮಧ್ಯಾಹ್ನದಲ್ಲಿ.