ಕೇಳಿದ ಮೇಲೆ ಹೇಳುವ ಕಥೆ

ಡಿಸೆಂಬರಿನ ಬೆಳಗು. ಗಂಗಾವತಿಯ ಬಸ್ಸು ಆನೆಗೊಂದಿಯಲ್ಲಿ ನಿಂತು ಬಾಗಿಲು ತೆರೆದಾಗ ಮೊದಲು ಒಳಗೆ ಬರುವುದು ಕೊಯ್ಲಾದ ಗದ್ದೆಯ ಹಸಿ ಹುಲ್ಲಿನ ವಾಸನೆ, ಅದರ ಬೆನ್ನಿಗೇ ಹೋಟೆಲಿನ ಬಾಣಲಿಯಲ್ಲಿ ಚಟಪಟಿಸುವ ಮಿರ್ಚಿಯ ಘಾಟು. ನಡುವೆ ಗಗನಮಹಲು, ಅದರ ಸನಿಹವೇ ರಂಗನಾಥನ ಗುಡಿ, ಊರನ್ನು ಸುತ್ತುವರಿದು ಈಗಲೋ ಆಗಲೋ ಉರುಳುವಂತೆ ಕಂಡರೂ ಎಂದೂ ಉರುಳದ ಬಂಡೆಗಳು. ಅಂಜನಾದ್ರಿಗೆ ಹೋಗುವ ಭಕ್ತರ ಜೀಪುಗಳು ಹಾರ್ನು ಹೊಡೆಯುತ್ತ ಹಾದುಹೋಗುತ್ತವೆ. ಹಿಂದಿನ ಸೀಟಿನಿಂದ ಇಳಿದ ಹಿರಿಯರೊಬ್ಬರು ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ, ಬಿಳಿ ಅಂಗಿಯ ತೋಳು ಮಡಚಿಕೊಂಡು ಓಣಿಯ ಕಡೆ ತಿರುಗುತ್ತಾರೆ. ಇವತ್ತು ಅವರ ಹಿಂದೆ ಹೋಗೋಣ, ಬನ್ನಿ.

ಒಂದು ಕಾಲಕ್ಕೆ ಶಾಲೆಯಲ್ಲಿ ಕಲಿಸಿದವರು, ಈಗ ಕ್ರೈಸ್ತ ಸಭೆಯ ಉಪದೇಶಿ. ಓಣಿಯವರಿಗೆ ಮಾತ್ರ ಇಂದಿಗೂ ಮಾಸ್ತರು. ಕಟ್ಟೆಯ ಮೇಲೆ ಕೂತವರು 'ಬರ್ರಿ ಮಾಸ್ತರ, ಚಾ ಕುಡದ ಹೋಗ್ರಿ' ಎನ್ನುತ್ತಾರೆ. ಅವರು ನಿಲ್ಲುತ್ತಾರೆ, ಕುಡಿಯುತ್ತಾರೆ, ಭತ್ತದ ದರ ಕೇಳುತ್ತಾರೆ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ವಿಚಾರಿಸುತ್ತಾರೆ. ವಿಜಯನಗರದ ಅರಸರ ಕಾಲದ ಆ ಕಾಲುವೆಗಳು ಈಗಲೂ ಹರಿಯುತ್ತವೆ, ಈ ಊರಿನ ಯಾವ ಮಾತೂ ಅವನ್ನು ದಾಟದೆ ಮುಂದೆ ಹೋಗುವುದಿಲ್ಲ. ಚೀಲದೊಳಗಿನ ಪುಸ್ತಕ ಇನ್ನೂ ಚೀಲದಲ್ಲೇ ಇದೆ.

ಹೊಳೆಯ ಕಡೆ ಇಳಿಯುವ ದಾರಿಯಲ್ಲೊಂದು ಮನೆ. ಜಗುಲಿಯ ಮೇಲೆ ಮುದುಕಿಯೊಬ್ಬಳು ಬಾಳೆನಾರು ಹೊಸೆಯುತ್ತಿದ್ದಾಳೆ. ಒಣಗಿದ ಪಟ್ಟೆಗೆ ನೀರು ಚಿಮುಕಿಸಿ, ಸೀಳಿ, ಎರಡು ಎಳೆಗಳನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಉಜ್ಜಿದರೆ ಸರ್ ಎಂಬ ಸದ್ದಿನೊಡನೆ ಹುರಿ ಒಂದು ಗೇಣು ಬೆಳೆಯುತ್ತದೆ. ಬುಟ್ಟಿ, ಚೀಲ, ಚಾಪೆಯಾಗಿ ಈ ನಾರು ಹಂಪಿಗೆ ಬರುವ ಪ್ರವಾಸಿಗರ ಕೈ ಸೇರುತ್ತದೆ. 1997ರಲ್ಲಿ ಇಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಈ ಕಸುಬನ್ನು ಕಲಿಸಿತು. ಮಾಸ್ತರು ಪಕ್ಕದಲ್ಲಿ ಕುಳಿತು, ಹೇಳಿಸಿಕೊಳ್ಳದೆ ಒಂದು ಪಟ್ಟೆಯನ್ನು ಕೈಗೆತ್ತಿಕೊಂಡು ಸೀಳತೊಡಗುತ್ತಾರೆ. ಬಹಳ ಹೊತ್ತು ಇಬ್ಬರದೂ ಮಾತಿಲ್ಲ.

ಈ ಮೌನಕ್ಕೆ ದೊಡ್ಡ ಬೆಲೆಯಿದೆ ಎಂದು ನನಗನಿಸುತ್ತದೆ. ಕ್ರಿಸ್ತನ ಹೆಸರು ಈ ಸೀಮೆಗೆ ಹಲವು ಬಗೆಯಲ್ಲಿ ಬಂದಿದೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಫ್ರಾನ್ಸಿಸ್ಕನ್ ಸಂನ್ಯಾಸಿ ಲೂಯಿಸ್ ಅವರನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಕಳಿಸಿದ. ಆದರೆ ಆ ಸಂನ್ಯಾಸಿಯ ತಲೆಯ ಮೇಲೆ ಹೊರಿಸಿದ್ದು ಕುದುರೆ ವ್ಯಾಪಾರದ, ಯುದ್ಧದ ಒಪ್ಪಂದದ ಮಾತು. ಮುನ್ನೂರು ವರ್ಷಗಳ ನಂತರ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಬಂದವರು ಮೊದಲು ಮಾಡಿದ್ದು ಕನ್ನಡ ಕಲಿಯುವ ಕೆಲಸ. ಹೊರಗಿನವರ ಕೈಗೆ ಸಿಗುವ ಅಚ್ಚಿನ ವ್ಯಾಕರಣವಿಲ್ಲ, ಕೋಶವಿಲ್ಲ, ಮಾತನ್ನು ಜನರ ಬಾಯಿಂದಲೇ ಹೆಕ್ಕಬೇಕು. ಜೊತೆಗಾರ ವಿಲಿಯಂ ರೀವ್ ಮುಂದೆ ನಿಘಂಟನ್ನೇ ಕಟ್ಟಿದರು. ಹ್ಯಾಂಡ್ಸ್ ಕೈಹಾಕಿದ ಬೈಬಲು ಪೂರ್ತಿಯಾಗಿ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಬಳ್ಳಾರಿಯ ಮಿಷನರಿಗಳು ಹೊಳೆಯಾಚೆಯ ಹಂಪಿ ಜಾತ್ರೆಗೂ ಬರುತ್ತಿದ್ದರು. ಆ ಕಾಲದ ಎಲ್ಲರೂ ಮೆದು ಮಾತಿನವರಾಗಿದ್ದರೆಂದು ಹೇಳಲಾರೆ. ಜಾತ್ರೆಯ ನಡುವೆ ನಿಂತು ಜನರ ದೇವರನ್ನು ಹಳಿದವರೂ ಇದ್ದರು, ಅದು ಕೇಳಿದವರ ಎದೆಯನ್ನು ನೋಯಿಸಿದ್ದೇ ಹೆಚ್ಚು. ಉಳಿದದ್ದು ತಾಳಿದವರ ಕೆಲಸ. 1853ರಲ್ಲಿ ಬಂದ ಬಾಸೆಲ್ ಮಿಷನ್ನಿನ ಕಿಟೆಲ್ ಏಸುವಿನ ಬದುಕನ್ನು ಹೇಳಬೇಕೆನಿಸಿದಾಗ ಕನ್ನಡದ ಛಂದಸ್ಸನ್ನು ಕಲಿತು, 1862ರಲ್ಲಿ 'ಕಥಾಮಾಲೆ'ಯನ್ನು ಪದ್ಯದಲ್ಲಿ ಬರೆದರು. ಅವರ ನಿಘಂಟು ಮುಗಿಯಲು 1894 ಬರಬೇಕಾಯಿತು. ಕಲಿಸಲೆಂದು ಬಂದವರು ಅಷ್ಟು ಕಾಲ ಕಲಿಯುತ್ತ ಕೂತರು. ನನಗೆ ಅವರಲ್ಲಿ ಪ್ರೀತಿ ಹುಟ್ಟುವುದು ಅಲ್ಲಿಯೇ.

ಮುದುಕಿ ಈಗ ಮಾತಿಗೆ ಇಳಿದಿದ್ದಾಳೆ. ನಿಜಾಮನ ಕಾಲದಲ್ಲಿ ಅವಳ ಅವ್ವ ಹೊಳೆ ದಾಟುವಾಗ ತೆಪ್ಪ ಗಿರಗಿರ ತಿರುಗಿದ್ದು, ಬೇನೆ ಬಿದ್ದ ಸೋದರಮಾವನನ್ನು ಗದಗ-ಬೆಟಗೇರಿಯ ಜರ್ಮನ್ ಆಸ್ಪತ್ರೆಗೆ ಒಯ್ದದ್ದು. ಆ ಆಸ್ಪತ್ರೆ ಕಟ್ಟಿದ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಇವಳಿಗೆ ಆ ಇಸವಿ ಬೇಕಿಲ್ಲ. 'ಜಾತಿ ಕೇಳಲಿಲ್ಲಂತ, ಮೈ ಮುಟ್ಟಿ ನೋಡಿದ್ರಂತ' ಎಂಬುದಷ್ಟು ನೆನಪಿದೆ.

ಆಮೇಲೆ ಹೊಸೆಯುವ ಕೈ ನಿಲ್ಲುತ್ತದೆ. ಹೋದ ವರ್ಷ ಅವಳ ದೊಡ್ಡ ಮಗ ತೀರಿಕೊಂಡ. ಆಗಲೂ ಮಾಸ್ತರು ಬಂದು ಇದೇ ಜಗುಲಿಯ ಮೇಲೆ ಕೂತು, ಏನೂ ಹೇಳದೆ ಎದ್ದು ಹೋಗಿದ್ದರಂತೆ. ಸಾವಿನ ಮನೆಯಲ್ಲಿ ಧರ್ಮ ಹೇಳುವುದು ತಮಗೆ ಸೇರದು ಎನ್ನುತ್ತಾರೆ ಅವರು. ಆಸೆ ತೋರಿಸಿ, ಹೆದರಿಸಿ ತಂದ ನಂಬಿಕೆ ನಂಬಿಕೆಯೇ ಅಲ್ಲ ಎಂಬುದು ಅವರ ಮಾತು. ಪೇತ್ರನ ಪತ್ರಿಕೆಯಲ್ಲಿ ಹೇಳಿರುವುದೂ ಅದೇ ತಾನೆ: ನಿನ್ನ ಭರವಸೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರ ಕೊಡು, ಕೊಡುವಾಗ ಮೆದುವಾಗಿರು, ಎದುರಿನವನ ಮರ್ಯಾದೆ ಕಾಯಿ. ಆ ಮಾತಿನಲ್ಲಿ ಕೇಳುವವನು ಮೊದಲು ಬರುತ್ತಾನೆ.

ಇವತ್ತು ಅವಳೇ ಕೇಳುತ್ತಾಳೆ.

'ಮಾಸ್ತರ, ನಿಮ್ಮ ಏಸಪ್ಪ ಸಾಯೂ ಮುಂದ ಅವನ ಅವ್ವ ಇದ್ಲೇನ್ರೀ?'

'ಇದ್ಲು ನೋಡ್ರಿ ಅವ್ವಾ.'

'ಏನ್ ಮಾಡಿದ್ಲು?'

'ಶಿಲುಬಿ ಹತ್ರ ನಿಂತಿದ್ಲು.'

'ಬರೇ ನಿಂತಿದ್ಲಾ?'

'ಬರೇ ನಿಂತಿದ್ಲು. ಅವ ಮ್ಯಾಲಿಂದ ನೋಡಿ, ತನ್ನ ಗೆಳೆಯಗ ಇವಳು ಇನ್ನ ನಿನ್ನ ತಾಯಿ, ನೋಡಿಕೋ ಅಂದ.'

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸುತ್ತದೆ. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, 'ನಿಲ್ಲೂದಽ ಕಷ್ಟ್ರೀ' ಎನ್ನುತ್ತಾಳೆ. ಮಾಸ್ತರು ತಲೆಯಾಡಿಸುತ್ತಾರೆ. ಏಸು ಮತ್ತೆ ಎದ್ದ ಮೂರನೆಯ ದಿನದ ಮಾತು ಅವರ ನಾಲಗೆಯ ತುದಿಯಲ್ಲೇ ಇರಬೇಕು, ಅವರ ಪ್ರಾಣವೇ ಆ ಮಾತಿನಲ್ಲಿದೆ. ಆದರೂ ತಡೆಯುತ್ತಾರೆ, ಅವಳು ಇನ್ನೂ ಶಿಲುಬೆಯ ಹತ್ತಿರವೇ ನಿಂತಿದ್ದಾಳೆ.

ಒಳಗಿನಿಂದ ಮೊಮ್ಮಗಳು ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದಿಡುತ್ತಾಳೆ. ಏಳನೆಯ ತರಗತಿ, ಚುರುಕು ಹುಡುಗಿ. ಚೀಲದಲ್ಲಿರುವುದು ಏನೆಂದು ಅವಳ ಕಣ್ಣು ಹುಡುಕುತ್ತದೆ. ಅಜ್ಜಿಯೇ ಹೇಳುತ್ತಾಳೆ: 'ಆ ಕತಿ ಇರೂ ಪುಸ್ತಕ ದೊಡ್ಡ ಅಕ್ಷರದ್ದು ಸಿಕ್ಕರ ತರ್ರಿ. ಇಕಿ ಓದ್ತಾಳ, ನಾ ಕೇಳ್ತೀನಿ.'

ಮಾಸ್ತರ ಮುಖ ಅರಳುವುದನ್ನು ನೀವೂ ನೋಡುತ್ತೀರಿ. ಆದರೂ ಕೈ ಚೀಲಕ್ಕೆ ಹೋಗುವುದಿಲ್ಲ.

'ತರ್ತೀನಿ ಅವ್ವಾ. ಅದಕೂ ಮೊದ್ಲ ಇಕಿ ಅಪ್ಪನ್ನ ಒಂದ್ ಮಾತು ಕೇಳ್ರಿ. ಅಂವ ಹೂಂ ಅಂದ್ರ ಮುಂದಿನ ವಾರ ತರ್ತೀನಿ. ಬ್ಯಾಡ ಅಂದ್ರ ನಾರು ಸೀಳಾಕ ಬರ್ತೀನಿ.'