ಟ್ರ್ಯಾಕ್ಟರಿನ ಸೀಟು ಚಾಲಕನ ತೂಕಕ್ಕೆ ಹೊಂದಿದೆಯೇ?

ಟ್ರ್ಯಾಕ್ಟರು ಕೊಳ್ಳುವಾಗ ಎಂಜಿನ್ನಿನ ಶಕ್ತಿ, ಡೀಸೆಲಿನ ಖರ್ಚು, ಎತ್ತುವ ಭಾರ ಇವನ್ನೆಲ್ಲ ವಿಚಾರಿಸುವ ರೈತರು ಸೀಟಿನ ಅಡಿಯಲ್ಲಿರುವ ಸ್ಪ್ರಿಂಗನ್ನು ಬಗ್ಗಿ ನೋಡುವುದು ಅಪರೂಪ. ದಿನಕ್ಕೆ ಎಂಟು ಹತ್ತು ಗಂಟೆ ಉಳುವವನ ಸೊಂಟ ಉಳಿಯುವುದು ಮಾತ್ರ ಆ ಸ್ಪ್ರಿಂಗಿನಿಂದ. ಬೇಸಾಯಶಾಸ್ತ್ರದವನಿಗೆ ಸೀಟಿನ ಉಸಾಬರಿ ಏಕೆಂದು ತಾವು ಕೇಳಬಹುದು. ಸೊಂಟ ಹಿಡಿದುಕೊಂಡು ಕುಳಿತ ಚಾಲಕನಿಂದ ಬಿತ್ತನೆಯ ಆಳ ಹೊಲದ ಉದ್ದಕ್ಕೂ ಒಂದೇ ಸಮ ಬರಲಾರದು. ಇದನ್ನು ಪ್ರಾತ್ಯಕ್ಷಿಕೆಯ ತಾಕುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಕಾರು, ಜೀಪುಗಳಲ್ಲಿ ಚಕ್ರಕ್ಕೂ ಮೈಗೂ ನಡುವೆ ಸ್ಪ್ರಿಂಗು ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಟ್ರ್ಯಾಕ್ಟರುಗಳ ಹಿಂದಿನ ಅಚ್ಚಿಗೆ ಅದಿಲ್ಲ. ಹೆಂಟೆ, ಬದು, ಗಾಡಿಜಾಡುಗಳ ಹೊಡೆತವನ್ನು ಟೈರು ಮತ್ತು ಸೀಟು ಇವೆರಡೇ ತಡೆಯಬೇಕು. ಟೈರಿನ ಮೇಲೆ ನಿಂತ ಟ್ರ್ಯಾಕ್ಟರು ಸೆಕೆಂಡಿಗೆ ಸುಮಾರು 2ರಿಂದ 5 ಸಲ ಮೇಲೆ ಕೆಳಗೆ ಕುಲುಕುತ್ತದೆ. ಕುಳಿತ ಮನುಷ್ಯನ ಬೆನ್ನು ಮತ್ತು ಹೊಟ್ಟೆಯ ಭಾಗವು ಸೆಕೆಂಡಿಗೆ 4ರಿಂದ 8 ಸಲದ ಕುಲುಕಾಟಕ್ಕೆ ಅತಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಈ ಎರಡು ಸಂಖ್ಯೆಗಳು ಒಂದರ ಮೇಲೊಂದು ಬರುವುದರಲ್ಲೇ ಕೇಡಿದೆ.

ಸ್ಪ್ರಿಂಗಿನ ಸೀಟು ತಕ್ಕ ತೂಕದವನು ಕುಳಿತಾಗ ಸೆಕೆಂಡಿಗೆ ಸುಮಾರು ಒಂದೂವರೆಯಿಂದ ಎರಡು ಸಲ ಮಾತ್ರ ತೂಗುತ್ತದೆ. ಯಾವುದೇ ಸ್ಪ್ರಿಂಗು ತನ್ನ ತೂಗಾಟದ ಸುಮಾರು 1.4 ಪಟ್ಟಿಗಿಂತ ವೇಗವಾಗಿ ಬರುವ ಕುಲುಕನ್ನು ಮಾತ್ರ ಕಡಿಮೆ ಮಾಡಬಲ್ಲದು. ಅದಕ್ಕಿಂತ ನಿಧಾನವಾದದ್ದನ್ನು ಕಡಿಮೆ ಮಾಡುವುದಿಲ್ಲ, ಕೆಲವೊಮ್ಮೆ ಹೆಚ್ಚಿಸಿಯೇ ಬಿಡುತ್ತದೆ. ಆ ಹೆಚ್ಚಳವನ್ನು ಅಡಗಿಸಲೆಂದೇ ಸ್ಪ್ರಿಂಗಿನ ಪಕ್ಕದಲ್ಲಿ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇಟ್ಟಿರುತ್ತಾರೆ. ನೋವೆಂದು ಸೀಟಿನ ಮೇಲೆ ಮೆತ್ತನೆಯ ದಿಂಬು ಹಾಕಿಕೊಳ್ಳುವ ರೂಢಿ ಎಲ್ಲೆಡೆ ಇದೆ. ದಪ್ಪ ಫೋಮು ಸೆಕೆಂಡಿಗೆ ಸುಮಾರು 4 ಸಲದ ಕುಲುಕನ್ನೇ ಎತ್ತಿ ಕೊಡುತ್ತದೆ. ಕುಂಡೆಗೆ ಹಿತ, ಸೊಂಟಕ್ಕೆ ಅಹಿತ.

ಸೀಟಿನ ಮುಂದೆ ಅಥವಾ ಪಕ್ಕದಲ್ಲಿ ತೂಕ ಹೊಂದಿಸುವ ತಿರುಪು ಇರುತ್ತದೆ. ಹಲವು ಸೀಟುಗಳಲ್ಲಿ ಕಿಲೋಗ್ರಾಮಿನ ಗುರುತೂ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಆಗುವುದೇನೆಂದರೆ, 85 ಕಿಲೋ ತೂಗುವ ಯಜಮಾನರು ಕೊಂಡ ದಿನ ತಮಗೆ ತಕ್ಕಂತೆ ಬಿಗಿ ಮಾಡಿಸುತ್ತಾರೆ. ಆಮೇಲೆ ವರ್ಷವಿಡೀ ಓಡಿಸುವವನು 50 ಕಿಲೋದ ಚಾಲಕ. ಅವನ ಭಾರಕ್ಕೆ ಸ್ಪ್ರಿಂಗು ಕದಲುವುದೇ ಇಲ್ಲ. ಸೀಟು ಮೇಲಿನ ಅಡ್ಡಕ್ಕೆ ಒತ್ತಿಕೊಂಡು ಹಲಗೆಯಂತೆ ನಿಲ್ಲುತ್ತದೆ. ಅಷ್ಟು ಹಣ ಕೊಟ್ಟ ಸ್ಪ್ರಿಂಗು ಅವನ ಪಾಲಿಗೆ ಇಲ್ಲವೇ ಇಲ್ಲ.

ಹೊಂದಿಸುವ ಕ್ರಮ ಸುಲಭ. ಬರಿ ಸೀಟಿನ ಎತ್ತರವನ್ನು ಕಾಲಿಡುವ ತಗಡಿನಿಂದ ಅಳೆಯಿರಿ. ಓಡಿಸುವವನನ್ನೇ ಕೂರಿಸಿ ಮತ್ತೆ ಅಳೆಯಿರಿ. ಸೀಟಿನ ಪೂರ್ತಿ ಓಡಾಟ 10 ಸೆಂ.ಮೀ. ಇದ್ದರೆ, ಅವನು ಕುಳಿತಾಗ ಸುಮಾರು 5 ಸೆಂ.ಮೀ. ತಗ್ಗಿರಬೇಕು. ಅಷ್ಟು ತಗ್ಗದಿದ್ದರೆ ತಿರುಪನ್ನು ಸಡಿಲಿಸಿ. ಹೆಚ್ಚು ತಗ್ಗಿದರೆ ಬಿಗಿ ಮಾಡಿ. ಪಂದ್ಯಕ್ಕೆ ಓಡಿಸುವ ನಾಲ್ಕು ಚಕ್ರದ ಎ.ಟಿ.ವಿ. ಬಂಡಿಗಳ ಸವಾರರೂ ಮೊದಲು ಮಾಡುವ ಕೆಲಸ ಇದೇ: ತಾವು ಹತ್ತಿ ಕುಳಿತಾಗ ಬಂಡಿ ಎಷ್ಟು ತಗ್ಗಿತೆಂದು ಅಳೆದು ಸ್ಪ್ರಿಂಗು ಹೊಂದಿಸುವುದು. ಅವರು ಆಟಕ್ಕಾಗಿ ಮಾಡುವುದನ್ನು ನಾವು ಅನ್ನಕ್ಕಾಗಿ ಮಾಡಬಾರದೇ?

ನಂತರ ಸೀಟನ್ನು ಒತ್ತಿ ಬಿಡಿ. ಒಂದು ಸಲ ತೂಗಿ ನಿಂತರೆ ಸರಿ. ಮೂರು ನಾಲ್ಕು ಸಲ ಕುಣಿದರೆ, ಅಥವಾ ಎಣ್ಣೆ ಒಸರಿದ್ದರೆ, ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು. ಸೀಟು ತಳಕ್ಕೆ ಬಡಿಯುತ್ತದೆಂದು ಸ್ಪ್ರಿಂಗನ್ನು ಅತಿಯಾಗಿ ಬಿಗಿ ಮಾಡುವುದು ತಪ್ಪು. ಮೊದಲು ವೇಗ ಇಳಿಸಿ ನೋಡಿ.

ಹಳೆಯ ಟ್ರ್ಯಾಕ್ಟರಿನ ತಗಡಿನ ಸೀಟು ತೆಗೆದು ಸ್ಪ್ರಿಂಗಿನ ಸೀಟು ಹಾಕಿಸಬಹುದು. ಆದರೆ ಹೊಸ ಸೀಟು ಎತ್ತರವಾಗುವುದುಂಟು. ಕುಳ್ಳಗಿನ ಚಾಲಕನ ಕಾಲು ಕ್ಲಚ್ಚು, ಬ್ರೇಕುಗಳನ್ನು ಪೂರ್ತಿ ಒತ್ತಲು ನಿಲುಕದಿದ್ದರೆ ಅಪಾಯ. ಸೀಟು ಮೇಲಿದ್ದಾಗ ಮತ್ತು ತಗ್ಗಿದಾಗ ಎರಡೂ ಸಲ ಒತ್ತಿಸಿ ನೋಡದೆ ಬೋಲ್ಟು ಬಿಗಿ ಮಾಡಿಸಬೇಡಿ.

ಇನ್ನು ಟೈರು. ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ ಚದರ ಅಂಗುಲಕ್ಕೆ 12ರಿಂದ 14 ಪೌಂಡು ಗಾಳಿ ಸಾಕು. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಟ್ರೈಲರಿಗೆಂದು ಹೆಚ್ಚು ಗಾಳಿ ತುಂಬಿ ಹಾಗೆಯೇ ಹೊಲಕ್ಕಿಳಿದರೆ ಬೆನ್ನಿಗೂ ಪೆಟ್ಟು, ಮಣ್ಣೂ ಗಟ್ಟಿ. ಟೈರಿಗೆ ನೀರು ತುಂಬಿಸಿದ್ದರೂ ಅದು ಬಿರುಸಾಗುತ್ತದೆ. ಎಡಕ್ಕೂ ಬಲಕ್ಕೂ ಓಲಾಡಿಸುವ ಹೊಡೆತವನ್ನು ಸೀಟಿನ ಸ್ಪ್ರಿಂಗು ತಡೆಯಲಾರದು. ಅದಕ್ಕೆ ನಿಧಾನವೇ ಮದ್ದು.

ಯೂರೋಪಿನ ಒಕ್ಕೂಟವು 2002ರ ನಿರ್ದೇಶನದಲ್ಲಿ 8 ಗಂಟೆಯ ಕೆಲಸಕ್ಕೆ ಈ ಕಂಪನದ ಮಿತಿಯನ್ನೇ ಗೊತ್ತುಪಡಿಸಿದೆ: 0.5 (ಮೀಟರು, ಸೆಕೆಂಡಿನ ವರ್ಗಕ್ಕೆ) ದಾಟಿದರೆ ಅದನ್ನು ತಗ್ಗಿಸಲು ಕೆಲಸ ಕೊಟ್ಟವನು ಕ್ರಮ ಕೈಗೊಳ್ಳಬೇಕು, 1.15 ದಾಟಲೇಕೂಡದು. ನಮ್ಮ ಹೊಲದಲ್ಲಿ ಅಳೆಯುವ ಯಂತ್ರವಿಲ್ಲ. ತಿರುಪಿನ ಮೇಲೆ ಯಜಮಾನರಿಗೊಂದು, ಚಾಲಕನಿಗೊಂದು ಬಣ್ಣದ ಗೆರೆ ಎಳೆದಿಡಿ. ಆಳು ಬದಲಾದಾಗ ತಿರುಪೂ ಬದಲಾಗಲಿ.